ಏಳನೆಯ ಪುಟದ ಕಾರ್ಬನ್

ಮೊನ್ನೆ ಟ್ರಂಕು ಖಾಲಿ ಮಾಡುವಾಗ ಹಳೆಯ ಫೈಲೊಂದರಿಂದ ನೀಲಿ ಕಾರ್ಬನ್ ಹಾಳೆ ಜಾರಿಬಿತ್ತು. ಮೂಸಿ ನೋಡಿದೆ. ಟೈಪ್‌ರೈಟರ್ ಮುಂದೆ ಕುಳಿತವರು ನಿಮ್ಮಲ್ಲಿದ್ದರೆ ಆ ವಾಸನೆ ಗೊತ್ತಿರುತ್ತದೆ. ಎಣ್ಣೆಯದೂ ಅಲ್ಲ, ಮಸಿಯದೂ ಅಲ್ಲ. ಬೆರಳು ನೀಲಿಯಾಯಿತು. ಹಿಂದೆಯೇ ಹೊಸಮನಿ ಸರ್ ನೆನಪಾದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಟೈಪಿಸ್ಟ್. ಸರ್ ಅಲ್ಲಿ ಗಣಿತ ಕಲಿಸುತ್ತಿದ್ದರು. ಖಾನಾಪುರದಿಂದ ದಿನಾಲೂ ಪ್ಯಾಸೆಂಜರ್ ಗಾಡಿಗೆ ಬರುವವರು. ಉಳಿದವರು ಇಸ್ಪೀಟು ಆಡುತ್ತ, ಮರಾಠಿ ಕನ್ನಡ ಎರಡರಲ್ಲೂ ಜಗಳಾಡುತ್ತ ಬಂದರೆ, ಇವರು ಕಿಟಕಿಯ ಪಕ್ಕ ಮೊಣಕಾಲ ಮೇಲೆ ವಹಿ ಇಟ್ಟು ಬರೆಯುತ್ತಿದ್ದರು. ಅವರ ಸಂಶೋಧನೆ ಆಪರೇಟರ್ ಆಲ್ಜೀಬ್ರಾ ಎಂಬ ಗಣಿತದ ಶಾಖೆಯಲ್ಲಿ. ಅದಕ್ಕೆ ಬೇಕಾದ ಪುಸ್ತಕ ನಮ್ಮ ಲೈಬ್ರರಿಯಲ್ಲಿ ಒಂದೂ ಇರಲಿಲ್ಲ. ಪರದೇಶದ ಪ್ರೊಫೆಸರುಗಳಿಗೆ ಕಾರ್ಡು ಬರೆದು ಲೇಖನಗಳ ಪ್ರತಿ ತರಿಸುತ್ತಿದ್ದರು. ತಿಂಗಳುಗಟ್ಟಲೆ ಕಾದು ಬಂದ ಲಕೋಟೆಯ ಅಂಚೆಚೀಟಿ ನನಗೆ, ಒಳಗಿನದು ಅವರಿಗೆ. ಇದರಲ್ಲಿ ಲಾಭವೆಲ್ಲ ನನ್ನದೇ ಎಂದು ತಿಳಿದಿದ್ದೆ.

ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ, ಹತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಕೊನೆಗೊಮ್ಮೆ ಉತ್ತರ ಕಂಡರು. ಟೈಪ್ ಮಾಡಲು ನನಗೇ ಕೊಟ್ಟರು. ಟೈಪ್‌ರೈಟರಿನಲ್ಲಿಲ್ಲದ ಚಿಹ್ನೆಗಳಿಗೆ ನಾನು ಜಾಗ ಬಿಡಬೇಕು, ಆಮೇಲೆ ಅವರು ಪೆನ್ನಿನಿಂದ ತುಂಬಬೇಕು. ಏಳನೆಯ ಪುಟದಲ್ಲಿ ಒಂದು ಕಡೆ ಎಕ್ಸ್ ವೈ, ಇನ್ನೊಂದು ಕಡೆ ವೈ ಎಕ್ಸ್ ಎಂದಿತ್ತು. ಮೆಟ್ರಿಕ್‌ನಲ್ಲಿ ಗಣಿತಕ್ಕೆ ಎಪ್ಪತ್ತು ತೆಗೆದವನು ನಾನು. ಎರಡೂ ಒಂದೇ ಎಂದು ನನಗೆ ಗೊತ್ತಿಲ್ಲವೇ? ಗಾಡಿಯ ಕುಲುಕಾಟದಲ್ಲಿ ಸರ್ ಹಿಂದುಮುಂದು ಮಾಡಿದ್ದಾರೆಂದು ಎಲ್ಲವನ್ನೂ ನೀಟಾಗಿ ಎಕ್ಸ್ ವೈ ಮಾಡಿಬಿಟ್ಟೆ. ಅವರು ಖಾಲಿ ಜಾಗ ತುಂಬಿದರೇ ಹೊರತು ಉಳಿದದ್ದನ್ನು ಓದಲಿಲ್ಲ. “ನೀ ಟೈಪ್ ಮಾಡಿದ ಮ್ಯಾಲೆ ನಾ ಏನ್ ನೋಡೂದೈತಿ, ತಮ್ಮಾ?” ಅಂದರು.

ಪರದೇಶದ ಪತ್ರಿಕೆಗೆ ಕಳಿಸಿದ ಲೇಖನ ಆರು ತಿಂಗಳಿಗೆ ವಾಪಸು ಬಂತು. ಏಳನೆಯ ಪುಟದ ಮಾತೇ ಸುಳ್ಳು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ ಎಂದು ಅಲ್ಲಿಯ ಪಂಡಿತರು ಬರೆದಿದ್ದರು. ಸರ್ ಟೈಪಿನ ಪುಟ ಬಿಟ್ಟು ತಮ್ಮ ವಹಿಯನ್ನು ಸಾಲುಸಾಲಾಗಿ ನೋಡಿದರು. ತಪ್ಪು ಕಾಣಲಿಲ್ಲ. ಬೇರೆ ಯಾರಾದರೂ ಜಗಳಕ್ಕೆ ಹೋಗುತ್ತಿದ್ದರು. ಇವರು ತಮ್ಮನ್ನೇ ಅನುಮಾನಿಸಿದರು. ಗಾಡಿಯಲ್ಲಿ ಬರೆಯುವುದು ನಿಂತಿತು. ಒಂದು ಶನಿವಾರ ನನ್ನ ಟೇಬಲ್ಲಿನ ಹತ್ತಿರ ಬಂದು, “ಅವರು ದೊಡ್ಡವರು. ಅವರಿಗೆ ಕಂಡದ್ದು ನನಗ ಕಾಣವಲ್ದು. ಏಳನೇ ಪುಟದಾಗ ಮುಗೀತು ನಂದು. ಸಾಕಿನ್ನ,” ಅಂದು ಸ್ಟೇಷನ್ನಿನ ಕಡೆ ನಡೆದರು.

ಏಳನೆಯ ಪುಟ ಎಂದ ಕೂಡಲೇ ನಾನು ತಿದ್ದಿದ್ದು ನೆನಪಾಯಿತು. ಕಪಾಟಿನಿಂದ ಕಾರ್ಬನ್ ಪ್ರತಿ ತೆಗೆದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಭಾನುವಾರ ಮಧ್ಯಾಹ್ನದವರೆಗೂ ಅದೇ ಯೋಚನೆ. ಆಮೇಲೆ ಖಾನಾಪುರದ ಗಾಡಿ ಹತ್ತಿದೆ.

ಅವರ ಮನೆಯವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. “ಬರ್ರಿ, ಕುಂದರ್ರಿ,” ಅಂದರು. ನಾನು ನಿಂತೇ ಹೇಳಿದೆ: “ಸರ್, ಎಕ್ಸ್ ವೈ ಅಂದ್ರೂ ವೈ ಎಕ್ಸ್ ಅಂದ್ರೂ ಒಂದಽ ಅಂತ ತಿಳದು ನಾನಽ ತಿದ್ದೀನ್ರಿ.”

ಸರ್ ಪ್ರತಿಯನ್ನೂ ವಹಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಒಲೆಯ ಕಡೆ ತಿರುಗಿ, “ಏ, ಕೇಳಿದೇನ? ನಂದು ಖರೇ ಐತಿ!” ಎಂದು ಕೂಗಿದರು. ಕಣ್ಣು ತುಂಬಿದ್ದವು. ಆಮೇಲೆ ನನ್ನ ಕೈ ಹಿಡಿದು, “ಬಡದು ಸುಟ್ರ ರೊಟ್ಟಿ. ಸುಟ್ಟು ಬಡದ್ರ?” ಎಂದರು.

“ಪುಡಿ ಆಗ್ತೈತಿ,” ಎಂದರು ಅವರ ಮನೆಯವರು, ತಿರುಗಿ ನೋಡದೆಯೇ.

“ನಮ್ಮ ಗಣಿತಾನೂ ಹಂಗಽ, ತಮ್ಮಾ. ಯಾವುದು ಮೊದಲ ಅನ್ನೂದ್ರಾಗಽ ಎಲ್ಲಾ ಐತಿ.”

ಮತ್ತೆ ಟೈಪ್ ಮಾಡಿದೆ; ಮೊನ್ನೆ ಜಾರಿಬಿದ್ದ ಕಾರ್ಬನ್ ಆಗ ಇಟ್ಟದ್ದೇ. ಕೊನೆಯಲ್ಲಿ ಅವರು ಹೊಸದೊಂದು ಸಾಲು ಸೇರಿಸಿದ್ದರು: ಎಚ್ಚರದಿಂದ ಟೈಪ್ ಮಾಡಿದ್ದಕ್ಕೆ ನನ್ನ ಹೆಸರು ಹೇಳಿ ಕೃತಜ್ಞತೆ. ನಾಚಿಕೆಯಿಂದ ಅದನ್ನು ಬಿಟ್ಟುಬಿಟ್ಟೆ. ಆದರೆ ಈ ಸಲ ಅವರು ಪೂರ್ತಿ ಓದಿದರು, ಬಿಟ್ಟ ಸಾಲನ್ನು ಪೆನ್ನಿನಿಂದ ಬರೆದೇ ಟಪಾಲಿಗೆ ಹಾಕಿದರು. ಅದು ಹಾಗೆಯೇ ಅಚ್ಚಾಯಿತು. ಎಂಬತ್ತರ ದಶಕದುದ್ದಕ್ಕೂ ಅವರ ಲೇಖನಗಳು ನನ್ನ ಕೈಯಿಂದಲೇ ಹೋದವು. ಕೊನೆಕೊನೆಗೆ ಪರದೇಶದವರೇ ಕಾರ್ಡು ಬರೆದು ಅವರ ಲೇಖನದ ಪ್ರತಿ ಕೇಳುತ್ತಿದ್ದರು. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ.

ಪರದೇಶದ ಪತ್ರಿಕೆಯಲ್ಲಿ ಹೆಸರು ಬಂದಿದೆ ಎಂದು ಬೀಗರ ಮುಂದೆಲ್ಲ ಹೇಳಿಕೊಂಡು ತಿರುಗಿದವನು ನಾನು. ತಪ್ಪಿನ ಸುದ್ದಿ ಮಾತ್ರ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮೊನ್ನೆ ಆಕೆ “ಇದನ್ನ ಕಸಕ್ಕ ಒಗೀಲೇನ್ರಿ?” ಎಂದು ಕಾರ್ಬನ್ನಿಗೆ ಕೈಹಾಕಿದಾಗ ತಡೆದು, ಎಲ್ಲವನ್ನೂ ಹೇಳಿದೆ. ಆಕೆ ಟೈಪಿನ ಗುರುತು ಮೂಡಿದ್ದ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದಳು.

“ನಿಮ್ಮ ಹೆಸರು ಎಲ್ಲೈತ್ರಿ ಇದರಾಗ?”

“ಇದರಾಗಿಲ್ಲ,” ಎಂದೆ. “ಅದನ್ನ ಸರ್ ಪೆನ್ನಿಲೆ ಬರದಾರ.”