ಒತ್ತಿದ ಬೆರಳು ಎತ್ತುವ ಮೊದಲು

2007ರಲ್ಲಿ ನಾನು ಬಸವೇಶ್ವರನಗರದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದೆ. ಬೇರೆಯವರು ಬರೆದ ಮೊಬೈಲ್ ಅಪ್ಲಿಕೇಶನ್ನಿನಲ್ಲಿ ತಪ್ಪು, ಅಂದರೆ ‘ಬಗ್’, ಹುಡುಕುವುದು ನನ್ನ ಕೆಲಸ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆಂದರೆ ನಮ್ಮಮ್ಮ ನಂಬುತ್ತಲೇ ಇರಲಿಲ್ಲ. ಕೆಳಗೆ ಬೇಕರಿ, ಮೇಲೆ ನಮ್ಮ ಆಫೀಸು. ಮಧ್ಯಾಹ್ನ ಖಾರಾ ಬನ್ನಿನ ವಾಸನೆ ಮೆಟ್ಟಿಲೇರಿ ಬಂದರೆ ಕೋಡ್ ಬರೆಯುವವರ ಕೈ ತಾನಾಗಿಯೇ ನಿಲ್ಲುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಆ ಆಫೀಸಿನ ಡ್ರಾಯರು, ಅದರ ತುಂಬ ಗಿಜಿಗುಡುತ್ತಿದ್ದ ತರಹೇವಾರಿ ಫೋನುಗಳು.

ಆಗ ನಮ್ಮ ಕೈಗೆ ಟಚ್ ಸ್ಕ್ರೀನ್ ಬಂದಿರಲಿಲ್ಲ. ಬೆಂಕಿಪೊಟ್ಟಣದಷ್ಟು ಪರದೆ, ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬಟನ್. ಇವಕ್ಕೆ ಸಾಫ್ಟ್ ಕೀ ಎನ್ನುತ್ತಿದ್ದೆವು. ಬಟನ್ನಿನ ನೇರ ಮೇಲೆ, ಪರದೆಯ ಅಂಚಿನಲ್ಲಿ ಆ ಹೊತ್ತಿಗೆ ಏನು ಬರೆದಿದೆಯೋ ಅದೇ ಅದರ ಕೆಲಸ. ಒಂದು ಪರದೆಯಲ್ಲಿ ‘ಸರಿ’ ಆಗಿದ್ದ ಬಟನ್ ಮುಂದಿನ ಪರದೆಯಲ್ಲಿ ‘ಅಳಿಸು’ ಆಗಬಹುದು. ಎಷ್ಟೋ ಫೋನುಗಳಿಗೆ ಕನ್ನಡವೇ ಬರುತ್ತಿರಲಿಲ್ಲ, ಪದಗಳನ್ನು ಚಿತ್ರ ಮಾಡಿ ಅಂಟಿಸುತ್ತಿದ್ದೆವು.

ಆ ವರ್ಷ ವಿಜಯನಗರದ ರಮೇಶ್ ಎಂಬುವವರು ನಮಗೊಂದು ಕೆಲಸ ಕೊಟ್ಟರು. ಫೋನ್ ಮಾಡಿದವರ ಮನೆ ಬಾಗಿಲಿಗೆ ಆಟೊ ಕಳಿಸುವ ಸೇವೆ ಅವರದು. ಬಾಡಿಗೆ ಬಂದಾಗ ಚಾಲಕನ ಫೋನಿನಲ್ಲಿ ವಿಳಾಸ ಮೂಡಬೇಕು. ಆತ ಎಡಗಡೆಯ ‘ಬರ್ತೀನಿ’ ಒತ್ತಿದರೆ ಮುಂದಿನ ಪರದೆ ಬರಬೇಕು. ಅದರಲ್ಲಿ ಬಲಕ್ಕೆ ‘ಕರೆ ಮಾಡು’, ಎಡಕ್ಕೆ ‘ರದ್ದು’. ನಮ್ಮ ಡೆವಲಪರ್ ಪ್ರದೀಪ ಈ ಎರಡು ಪರದೆಗಳ ನಡುವೆ ಒಂದು ಜಾರಾಟ ಸೇರಿಸಿದ್ದ. ಹಳೆಯ ಪರದೆ ಎಡಕ್ಕೆ ಸರಿದು ಹೊಸದು ಬಲದಿಂದ ಮೆಲ್ಲಗೆ ಒಳಗೆ ಬರುವುದು. ಆ ಕಾಲಕ್ಕೆ ಅದೊಂದು ದೊಡ್ಡ ಶೋಕಿ. ಆಫೀಸಿಗೆ ಯಾರೇ ಬರಲಿ, ನೀರು ಕೊಡುವ ಮೊದಲು ಅದನ್ನು ತೋರಿಸುತ್ತಿದ್ದ.

ಸೇವೆ ಶುರುವಾಗಿ ಸ್ವಲ್ಪ ದಿನಕ್ಕೆ ತಕರಾರು ಬಂತು. ಮಾರೇನಹಳ್ಳಿ ಸ್ಟ್ಯಾಂಡಿನ ಹೊನ್ನಯ್ಯ ಎಂಬ ಚಾಲಕ ಬಾಡಿಗೆ ಒಪ್ಪಿಕೊಂಡು ತಕ್ಷಣ ರದ್ದು ಮಾಡುತ್ತಾರಂತೆ. ಒಂದು ಸಲವಲ್ಲ, ಮತ್ತೆ ಮತ್ತೆ. ಕೊನೆಗೆ ನಾಗರಬಾವಿಯಲ್ಲಿ ಒಬ್ಬ ತುಂಬು ಗರ್ಭಿಣಿ ಆಸ್ಪತ್ರೆಗೆ ಹೊರಟು ಗೇಟಿನಲ್ಲಿ ಕಾದು ನಿಲ್ಲುವಂತಾಯಿತು. ರದ್ದಾದ ಬಾಡಿಗೆ ಬೇರೆ ಆಟೊಗೆ ಹೋಗಿ, ಅದು ಬರುವಷ್ಟರಲ್ಲಿ ಆಕೆಯ ಗಂಡ ರಮೇಶರಿಗೆ ಫೋನಿನಲ್ಲೇ ಛೀಮಾರಿ ಹಾಕಿದ್ದ. ಸಿಟ್ಟಿಗೆದ್ದ ರಮೇಶ್ ಸೀದಾ ಸ್ಟ್ಯಾಂಡಿಗೆ ಹೋಗಿ, ಸೋಮವಾರದಿಂದ ಹೊನ್ನಯ್ಯನ ಹೆಸರು ತೆಗೆಯುತ್ತೇನೆಂದು ಎಲ್ಲರೆದುರಿಗೇ ಹೇಳಿ ಬಂದರು.

ಮರುದಿನ ಬೆಳಿಗ್ಗೆ ಹೊನ್ನಯ್ಯ ನಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ, ದಪ್ಪ ಮೀಸೆಯ ಮನುಷ್ಯ. ಮಾರೇನಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದಾಗಿನಿಂದ ಅಲ್ಲಿಯವರು. ಸ್ಟ್ಯಾಂಡಿನಲ್ಲಿ ಜಗಳವಾದರೆ ಬಿಡಿಸುತ್ತಿದ್ದವರು ಅವರೇ ಅಂತೆ.

“ನಾನು ರದ್ದು ಒತ್ತಿಲ್ಲ ಮೇಡಂ. ಒತ್ತಿದ್ರೆ ಒತ್ತಿದೀನಿ ಅಂತೀನಿ, ನಂಗ್ಯಾರ ಭಯ? ನೆನ್ನೆ ಮೊನ್ನೆ ಲೈಸೆನ್ಸ್ ತಗೊಂಡ ಹುಡುಗ್ರು ನನ್ನ ಕಂಡ್ರೆ ‘ಬಂದ ನೋಡು ಕೈಕೊಡೋ ಹೊನ್ನಯ್ಯ’ ಅಂತವೆ. ಬಾಡಿಗೆ ಹೋದ್ರೆ ಹೋಗ್ಲಿ. ಈ ಮಾತು ಇಟ್ಕೊಂಡು ನಾನು ಸ್ಟ್ಯಾಂಡಲ್ಲಿ ಹೆಂಗೆ ನಿಂತ್ಕೊಳ್ಳಿ?”

ಪ್ರದೀಪ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. “ನಮ್ಮ ಸರ್ವರ್ ಕಂಪ್ಯೂಟರಿಗೆ ರದ್ದು ಬಂದಿದೆ ಶೈಲಾ. ಅವರ ಫೋನಿಂದಾನೇ ಬಂದಿದೆ. ಲಾಗ್ ಸುಳ್ಳು ಹೇಳುತ್ತೇನ್ರೀ?” ಎಂದ. ಲಾಗ್ ಎಂದರೆ ಯಾವ ಫೋನಿನಿಂದ ಯಾವಾಗ ಏನು ಬಂತೆಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ.

ಹಾಗಾದರೆ ಆ ದಿನ ನೀವೇನು ಮಾಡಿದಿರಿ ಎಂದು ಹೊನ್ನಯ್ಯನನ್ನೇ ಕೇಳಿದೆ. “ಇನ್ನೇನ್ ಮಾಡ್ಲಿ? ನಾಗರಬಾವಿಗೆ ಹೋದೆ. ನಾನು ಹೋಗೋ ಹೊತ್ಗೆ ಇನ್ನೊಂದು ಆಟೊ ನಿಂತಿತ್ತು. ಅವರ ಯಜಮಾನ್ರು ನನ್ನ ಮೇಲೇ ರೇಗಿದ್ರು” ಎಂದರು. ರಮೇಶರಿಗೆ ಫೋನ್ ಮಾಡಿ ವಿಚಾರಿಸಿದೆ. ಹೌದು, ಆತ ಹೋಗಿದ್ದು ನಿಜ. ನನಗೆ ಮೈಯೆಲ್ಲ ಉರಿಯಿತು. ಬಾಡಿಗೆ ಬೇಡವೆಂದವನು ಪೆಟ್ರೋಲ್ ಸುಟ್ಟುಕೊಂಡು ಬೈಸಿಕೊಳ್ಳಲು ಅಷ್ಟು ದೂರ ಹೋಗುತ್ತಾನೆಯೇ? ಇಷ್ಟು ಯೋಚಿಸುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ.

ಅವರದೇ ಮಾದರಿಯ ಫೋನನ್ನು ಡ್ರಾಯರಿನಿಂದ ತೆಗೆದು ಒತ್ತಿದೆ, ಒತ್ತಿದೆ, ಹೆಬ್ಬೆರಳು ನೋಯುವವರೆಗೆ ಒತ್ತಿದೆ. ಒಮ್ಮೆಯೂ ರದ್ದಾಗಲಿಲ್ಲ. ಆಫೀಸಿನಲ್ಲಿ ಕೂತರೆ ಇದು ಬಗೆಹರಿಯುವುದಿಲ್ಲ ಎನ್ನಿಸಿ, ಸುಳ್ಳು ಬಾಡಿಗೆಗಳನ್ನು ಕಳಿಸುತ್ತಿರಲು ಪ್ರದೀಪನಿಗೆ ಹೇಳಿ, ಹೊನ್ನಯ್ಯನ ಆಟೊದಲ್ಲೇ ಮಾರೇನಹಳ್ಳಿಗೆ ಹೋದೆ.

ಸ್ಟ್ಯಾಂಡಿನಲ್ಲಿ ಮೊದಲು ಅವರು ಬಹಳ ಮರ್ಯಾದೆಯಿಂದ ಫೋನನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡುತ್ತಾ ಹಗುರವಾಗಿ ಒತ್ತಿದರು. ಎಲ್ಲ ಸರಿಯಾಗಿಯೇ ನಡೆಯಿತು. “ಹೀಗಲ್ಲ ಅಣ್ಣ, ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನಿಲ್ಲಿ ಇಲ್ಲ ಅಂದ್ಕೊಳ್ಳಿ” ಎಂದೆ.

ಅವರು ಫೋನನ್ನು ರೆಕ್ಸಿನ್ ಪೌಚಿಗೆ ಸೇರಿಸಿ ಮೀಟರಿನ ಪಕ್ಕಕ್ಕೆ ನೇತುಹಾಕಿದರು. ಆಗ ಎಲ್ಲರ ಬಳಿಯೂ ಇರುತ್ತಿದ್ದ ಪೌಚು ಅದು. ಮುಂದೆ ಪ್ಲಾಸ್ಟಿಕ್ ಕಿಟಕಿ, ಧೂಳು ಕುಡಿದು ಹಳದಿಯಾಗಿತ್ತು. ಬಾಡಿಗೆ ಬಂತು. ಹೊನ್ನಯ್ಯ ಆ ಪ್ಲಾಸ್ಟಿಕ್ಕಿನ ಮೇಲಿಂದಲೇ ಹೆಬ್ಬೆರಳನ್ನು ಊರಿ ಅದುಮಿ ಹಿಡಿದರು. ಪರದೆ ಜಾರಿ ಹೊಸದು ಬಂದು ನಿಂತದ್ದನ್ನು ನೋಡಿ, ಆಮೇಲೆ ಬೆರಳೆತ್ತಿ, ಮತ್ತೆ ಫೋನಿನ ಕಡೆ ನೋಡದೆ, ಕೆಳಗಿನ ಲಿವರಿಗೆ ಕೈ ಹಾಕಿ ಎಳೆದು ಗಾಡಿ ಸ್ಟಾರ್ಟ್ ಮಾಡಿದರು. ಅಷ್ಟರಲ್ಲಿ ಪ್ರದೀಪನ ಫೋನು. “ಶೈಲಾ, ಈಗ ತಾನೇ ರದ್ದು ಬಂತು ಕಣ್ರೀ!”

“ಅಷ್ಟು ಹೊತ್ತು ಯಾಕೆ ಅದುಮಿ ಹಿಡೀತೀರಿ ಅಣ್ಣ?”

“ಹಿಡ್ಕೊಳ್ಳೇಬೇಕಲ್ಲ ಮೇಡಂ. ಲಿವರ್ ಎಳೆದು, ಇಂಜಿನ್ ಹತ್ಕೊಳ್ಳೋಕ್ ಮುಂಚೆ ಬಿಟ್ರೆ ಗಾಡಿ ಎಲ್ಲಿ ಸ್ಟಾರ್ಟ್ ಆಗುತ್ತೆ?”

ನಾನು ಆಟೊದಲ್ಲೇ ಕೂತು ಜೋರಾಗಿ ನಕ್ಕುಬಿಟ್ಟೆ. ಅವರು ಗಾಬರಿಯಾದರು. ಪಾಪ, ಅವರನ್ನು ನೋಡಿ ನಗುತ್ತಿದ್ದೇನೆ ಅಂದುಕೊಂಡಿರಬೇಕು.

ಆದದ್ದಿಷ್ಟು. ಫೋನಿನ ಲೆಕ್ಕದಲ್ಲಿ ಒಂದು ಬಟನ್ ಎಂದರೆ ಎರಡು ಸಂಗತಿ: ಒತ್ತಿದ್ದು ಒಂದು, ಬಿಟ್ಟದ್ದು ಇನ್ನೊಂದು. ಪ್ರದೀಪ ತನ್ನ ಮೊದಲ ಪರದೆಯನ್ನು ಬಟನ್ ಒತ್ತಿದ ಕೂಡಲೇ ಕೆಲಸ ಮಾಡುವಂತೆ ಬರೆದಿದ್ದ. ಎರಡನೆಯದನ್ನು ಬರೆದ ಇನ್ನೊಬ್ಬ ಡೆವಲಪರ್, ಬಟನ್ ಬಿಟ್ಟಾಗ ಕೆಲಸ ಮಾಡುವಂತೆ ಬರೆದಿದ್ದ. ನಮ್ಮಂಥವರು ಪಟಕ್ಕನೆ ಒತ್ತಿ ಬಿಟ್ಟಾಗ ಆ ‘ಬಿಟ್ಟದ್ದು’ ಜಾರಾಟದ ನಡುವೆ ಬಿದ್ದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಹೊನ್ನಯ್ಯ ಬೆರಳೆತ್ತುವ ಹೊತ್ತಿಗೆ ಹೊಸ ಪರದೆ ಬಂದು, ಅದೇ ಬಟನ್ ‘ರದ್ದು’ ಆಗಿಬಿಟ್ಟಿರುತ್ತಿತ್ತು. ಅವರು ಒತ್ತಿದ್ದು ‘ಬರ್ತೀನಿ’ಯನ್ನೇ. ಬೆರಳೆತ್ತಿದ್ದೇ ಅವರ ಅಪರಾಧ.

ಯಾವ ಪರದೆಯಲ್ಲಿ ಒತ್ತಿದ್ದೋ ಆ ಪರದೆಯಲ್ಲೇ ಬಿಟ್ಟರೆ ಮಾತ್ರ ಲೆಕ್ಕ ಎಂದು ಪ್ರದೀಪ ಮಧ್ಯಾಹ್ನದೊಳಗೆ ತಿದ್ದಿದ. ‘ರದ್ದು’ವನ್ನು ಎಡಗಡೆಯಿಂದ ಎತ್ತಂಗಡಿ ಮಾಡಿಸಿದೆ. ಡ್ರಾಯರಿನ ಫೋನುಗಳನ್ನೆಲ್ಲ ಪೌಚಿಗೆ ಹಾಕಿ, ಬೇಸರ ಬರುವಷ್ಟು ಅದುಮಿ ನೋಡಿದೆ. ಒಂದರಲ್ಲೂ ರದ್ದಾಗಲಿಲ್ಲ.

ವಿಷಯ ತಿಳಿದ ರಮೇಶ್ ಹಗುರಾದರು. “ಸರಿ ಬಿಡಿ ಮೇಡಂ, ಅವರ ಹೆಸರು ತೆಗೆಯೋದಿಲ್ಲ. ಸುಮ್ನೆ ಯಾಕೆ ಇದನ್ನ ದೊಡ್ಡದು ಮಾಡೋದು?” ಎಂದರು.

“ಬೈಯೋದು ಎಲ್ಲರ ಮುಂದೆ, ಸರಿ ಮಾಡೋದು ಮಾತ್ರ ಗುಟ್ಟಲ್ಲಾ ಸಾರ್? ನಡೀರಿ ಸ್ಟ್ಯಾಂಡಿಗೆ” ಎಂದೆ. ದನಿ ಸ್ವಲ್ಪ ಏರಿತ್ತು, ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಮಾರೇನಹಳ್ಳಿಯಲ್ಲಿ ಪ್ರದೀಪ ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದ್ದು ಒಬ್ಬರಿಗೂ ತಲೆಗೆ ಹೋಗಲಿಲ್ಲ. ನಾನು ತಿದ್ದದೆ ಇಟ್ಟಿದ್ದ ಹಳೆಯ ಫೋನೊಂದನ್ನು, ಹೊನ್ನಯ್ಯನನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡಿದ್ದ ಚಾಲಕ ಮಂಜನ ಕೈಗೆ ಕೊಟ್ಟು, ‘ಬರ್ತೀನಿ’ ಒತ್ತಿ ಹಿಡಿ, ಹೊಸ ಪರದೆ ಬಂದ ಮೇಲೆ ಬಿಡು ಎಂದೆ. ಅವನು ಹಾಗೇ ಮಾಡಿದ. ಬಾಡಿಗೆ ರದ್ದಾಯಿತು. “ಲೇ ಇವನ, ನಾನು ಒತ್ತೇ ಇಲ್ಲ ಗುರು!” ಎಂದು ಅವನು ಕೂಗಿಕೊಂಡ.

“ನಾನೂ ಅದನ್ನೇ ಕಣೋ ಹೇಳಿದ್ದು” ಎಂದರು ಹೊನ್ನಯ್ಯ. ರಮೇಶ್ ಮುಂದೆ ಬಂದು ಎಲ್ಲರಿಗೂ ಕೇಳುವಂತೆ, “ನಿಮ್ಮದೇನೂ ತಪ್ಪಿರಲಿಲ್ಲ ಹೊನ್ನಯ್ಯನವರೇ” ಎಂದರು.

ಆಮೇಲೆ ನಾನು ದೊಡ್ಡ ಕಂಪನಿಗಳಲ್ಲಿ ದುಡಿದೆ. ಬಟನ್ನುಗಳೇ ಇಲ್ಲದ ಫೋನುಗಳು ಬಂದವು. ಹೊಸದಾಗಿ ಸೇರಿದವರು ಬಗ್ ರಿಪೋರ್ಟಿನ ಮೇಲೆ ‘ಬಳಕೆದಾರರ ತಪ್ಪು’ ಎಂದು ಬರೆದು ತಂದಾಗೆಲ್ಲ ನಾನು ಕೇಳುತ್ತಿದ್ದದ್ದು ಒಂದೇ: ಅವರ ಪಕ್ಕದಲ್ಲಿ ಹೋಗಿ ಕೂತಿದ್ದೀರಾ? ಮಷೀನಿಗೆ ಏನು ಕೇಳಿಸಿತು ಎಂಬುದನ್ನಷ್ಟೇ ಲಾಗ್ ಹೇಳುತ್ತದೆ. ಇನ್ನು ಬಗ್ ಸರಿಹೋಯಿತೆಂದು ಯಾರಾದರೂ ಕಡತ ಮುಚ್ಚಲು ಹೊರಟರೆ ಇನ್ನೊಂದು ಪ್ರಶ್ನೆ ಇರುತ್ತಿತ್ತು: ತಪ್ಪು ಹೊತ್ತವರಿಗೆ, ಅವರನ್ನು ಬೈದದ್ದನ್ನು ಕೇಳಿಸಿಕೊಂಡವರ ಎದುರಿಗೇ, ‘ನಿಮ್ಮದು ತಪ್ಪಿರಲಿಲ್ಲ’ ಎಂದು ಹೇಳಿ ಬಂದಿರಾ?