ಗಿರಣಿ ಗೋಡೆಯ ಅಂಗೈ ಗುರುತು

ಮೊನ್ನೆ ಹುಮನಾಬಾದಿನ ಬಜಾರಿನಲ್ಲಿ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಕ್ಕಳನ್ನು ಕಂಡವಳು ನಾನು, ಆದರೂ ಹಳೆಯ ಹೆದರಿಕೆ ಎದ್ದು ಕೂತಿತು. ಗಿರಣಿ ಕಾಕಾ ನೆನಪಾದರು…

ಎಪ್ಪತ್ತರ ದಶಕದ ಮಾತು. ಘಾಟಬೋರಾಳದ ಕಡೆಯ ನಮ್ಮ ಊರಿಗೆ ಅವರದೊಂದೇ ಹಿಟ್ಟಿನ ಗಿರಣಿ. ಜೋಳದ ಗಂಟು ಹೊತ್ತು ಬಂದವರನ್ನೆಲ್ಲ ಕಾಕಾ ಮೊದಲು ಕೇಳುತ್ತಿದ್ದದ್ದು, ದಾರಿಯಲ್ಲಿ ಏನೇನು ಕಂಡಿರಿ ಎಂದು. ಎಂಜಿನ್ ಹೊಗೆಗೆ ಕರ್ರಗಾದ ಗೋಡೆಯ ಮೇಲೆ ಹಳ್ಳ, ಗುಡ್ಡ, ಬಂಡಿದಾರಿಗಳ ಗೆರೆ ಎಳೆದಿದ್ದರು. ಕಂಡದ್ದನ್ನು ಕಂಡಲ್ಲಿಯೇ ಹಿಟ್ಟಿನ ಬೆರಳಿನಿಂದ ಗುರುತು ಹಾಕುತ್ತಿದ್ದರು. ಕೌಜುಗ, ಕೊಕ್ಕರೆಗೆ ಮೂರು ಬೆರಳು, ಚಿಗರೆಗೆ ಎರಡು ಕೋಡು, ತೋಳಕ್ಕೆ ಇಡೀ ಅಂಗೈ. ಈ ಸಲ ಕೊಕ್ಕರೆ ತಡವಾಗಿ ಬಂದವೋ ಬೇಗ ಬಂದವೋ ಎಂದು ಮುದುಕರು ಅಲ್ಲೇ ಜಗಳಕ್ಕೆ ಬೀಳುತ್ತಿದ್ದರು. ಹೆಂಗಸರಿಗೆ ಬೇಕಾದದ್ದು ಅಂಗೈ ಮಾತ್ರ. ಅದು ಯಾವ ದಾರಿಯಲ್ಲಿದೆ ನೋಡಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಕೂಲಿಗೆ ಹೋಗುತ್ತಿದ್ದ ನಮ್ಮವ್ವನೂ ಅಷ್ಟೇ.

ಒಂದು ಬೇಸಿಗೆಯಲ್ಲಿ ಎಲ್ಲಿಂದಲೋ ಬಂದೂಕಿನವರು ಬಂದರು. ಗೋಡೆಯ ಮೇಲೆ ಅಂಗೈ ಎಲ್ಲಿದೆ ಎಂದು ನೋಡಿದರು, ಯಾರನ್ನೂ ಕೇಳದೆ ನೆಟ್ಟಗೆ ಗುಡ್ಡದ ಗವಿಗೆ ಹೋದರು. ಸಂಜೆ ಸತ್ತ ತೋಳಗಳನ್ನು ಮರಿಗಳ ಸಮೇತ ಬಂಡಿಯಲ್ಲಿ ಹೇರಿಕೊಂಡು ಗಿರಣಿ ಮುಂದೆಯೇ ಹಾದುಹೋದರು. ಕಾಕಾ ಅಂದು ಊಟ ಮುಟ್ಟಲಿಲ್ಲವಂತೆ. ಮರುದಿನ ಗೋಡೆಯ ಮೇಲಿನ ಅಂಗೈಗಳನ್ನೆಲ್ಲ ಹೆಗಲ ಮೇಲಿನ ವಸ್ತ್ರದಿಂದ ಒರೆಸಿಹಾಕಿದರು.

ನನ್ನ ಭಯ ಶುರುವಾದದ್ದು ಅಲ್ಲಿಂದ. ಗುರುತು ಇದ್ದಾಗ ತೋಳ ಒಂದು ದಾರಿಯಲ್ಲಿ ಇರುತ್ತಿತ್ತು. ಅಂಗೈ ಅಳಿಸಿಹೋದ ಮೇಲೆ ಎಲ್ಲ ದಾರಿಯಲ್ಲೂ ಇತ್ತು.

ಸುಗ್ಗಿಯ ಒಂದು ಸಂಜೆ ಹೊತ್ತು ಮುಳುಗಿದರೂ ಅವ್ವ ಬರಲಿಲ್ಲ. ಗಿರಣಿಗೆ ಓಡಿದೆ.

"ಕಾಕಾ, ಅವ್ವ ಇನ್ನಾ ಬಂದಿಲ್ರಿ. ಹಳ್ಳದ ದಾರೀಲೆ ಹೋಗ್ಯಾಳ್ರಿ."

ಕಾಕಾನ ಮುಖ ಬಿಳಿಚಿಕೊಂಡಿತು. ಹಳ್ಳದ ದಂಡೆಯಲ್ಲಿ ತೋಳ ಕಂಡೆನೆಂದು ಕುರಿ ಕಾಯುವವನೊಬ್ಬ ಹಿಂದಿನ ದಿನವೇ ಹೇಳಿ ಹೋಗಿದ್ದ. ಅವರು ಗುರುತು ಹಾಕಿರಲಿಲ್ಲ. ಜೋಳ ಅರ್ಧ ಬೀಸಿದ್ದಾಗಲೇ ಎಂಜಿನ್ ನಿಲ್ಲಿಸಿದರು. ಒಂದು ಕೈಯಲ್ಲಿ ಕಂದೀಲು ಹಿಡಿದು, ಇನ್ನೊಂದರಲ್ಲಿ ನನ್ನ ಕೈ ಹಿಡಿದು ನಡೆದರು. ಪೊದೆ ಅಲುಗಿದಲ್ಲೆಲ್ಲ ನಿಂತು ಕಂದೀಲು ಎತ್ತಿ ನೋಡುತ್ತಿದ್ದರು. ದೊಡ್ಡವರೂ ಹೆದರುತ್ತಾರೆ ಎಂದು ನನಗೆ ಗೊತ್ತಾದದ್ದು ಅಂದೇ…

ಹಳ್ಳದ ತಿರುವಿನಲ್ಲಿ ಅವ್ವ ಕದಲದೆ ನಿಂತಿದ್ದಳು. ಎದುರು ದಂಡೆಯ ಮೇಲೆ ಒಂದೇ ಒಂದು ತೋಳ, ಎಲುಬು ಕಾಣುವಷ್ಟು ಬಡಕಲು. ಕಂದೀಲನ್ನು ನೋಡಿತು, ನಮ್ಮನ್ನು ನೋಡಿತು, ತಿರುಗಿ ಹೋಯಿತು. ಆಗ ಅವ್ವ ನಮ್ಮ ಕಡೆ ಬಂದಳು.

ಕಾಕಾ ಅಂದರು: "ತಪ್ಪಾತು ತಂಗಿ. ನಾಳೆಲಿಂದ ಮತ್ತ ಗುರ್ತು ಹಾಕ್ತೀನಿ."

ಅವ್ವ ಎದುರು ದಂಡೆಯ ಕಡೆ ತಿರುಗಿ ನೋಡಿದಳು. ಆಮೇಲೆ ಅಂದಳು: "ಹಾಕಬ್ಯಾಡ್ರಿ. ಅದೊಂದೇ ಉಳದದ. ನಮಗ ಬಾಯಿಲೆ ಹೇಳ್ರಿ."

ಅಂದಿನಿಂದ ಹಿಟ್ಟಿನ ಗಂಟು ಕಟ್ಟಿಕೊಡುವಾಗ ಕಾಕಾ ಹೆಂಗಸರಿಗಷ್ಟೇ ಕೇಳುವಂತೆ ಮೆಲ್ಲಗೆ ದಾರಿ ಹೇಳತೊಡಗಿದರು. ಊರಿನ ಒಬ್ಬ ಹೆಂಗಸೂ ಆ ಮಾತನ್ನು ಹೊರಗೆ ಬಿಡಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಆ ತೋಳವೂ ಕಾಣದಾಯಿತು, ಹೇಳುವುದಕ್ಕೇ ಏನೂ ಉಳಿಯಲಿಲ್ಲ…

ಕಾಕಾ ಇಲ್ಲ, ಅವ್ವನೂ ಇಲ್ಲ. ಮೊನ್ನೆ ಬಜಾರಿನಿಂದ ಊರಿಗೆ ಹೋಗಿ, ಮುಸ್ಸಂಜೆಯಲ್ಲಿ ಹಳ್ಳದ ದಾರಿಯುದ್ದಕ್ಕೂ ಒಬ್ಬಳೇ ನಡೆದೆ. ತಿರುವಿನಲ್ಲಿ ನಿಂತು ಎದುರು ದಂಡೆಯನ್ನು ನೋಡಿದೆ. ಹೆದರಿಕೆ ಆಗಲೇ ಇಲ್ಲ. ಅದಕ್ಕೇ ಅಳು ಬಂತು.