ಸಮುದ್ರದಲ್ಲಿ ‘ಆದರೆ’ ಇಲ್ಲ

ಮೂವತ್ತೆಂಟು ಅಡಿ ಉದ್ದದ ದೋಣಿಯಲ್ಲಿ ಮುನಿಸಿಕೊಂಡು ಎಲ್ಲಿಗೆ ಅಂತ ಹೋಗುತ್ತೀರಿ?

ಇಂಗ್ಲೆಂಡಿನ ಸೊಲಿಹಲ್ ಊರಿನ ನಮ್ಮ ಮನೆಯಲ್ಲಾದರೆ ಅನುಕೂಲವಿದೆ. ಮಗಳು ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಪ್ಪ ಗ್ಯಾರೇಜಿಗೆ ಹೋಗಿ, ಕೆಡದೇ ಇರುವ ಸೈಕಲ್ಲನ್ನು ರಿಪೇರಿ ಮಾಡುತ್ತಾರೆ. ಈ ಆಗಸ್ಟಿನಲ್ಲಿ ಸೇಶೆಲ್ಸ್ ದ್ವೀಪಗಳ ನಡುವಿನ ಹಾಯಿದೋಣಿಯಲ್ಲಿ ಇಬ್ಬರಿಗೂ ಆ ಸೌಲಭ್ಯ ಇರಲಿಲ್ಲ. ಸುತ್ತ ನೀರು. ಮಧ್ಯೆ ನಾನು.

ರಜೆ ಬುಕ್ ಮಾಡಿದ್ದು ನಮ್ಮ ಮನೆಯವರು, ಗಿರೀಶ್. ಮೂಳೆ ಡಾಕ್ಟರು. (ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ದೂರದ ಊರುಗಳಲ್ಲಿ ನಮ್ಮದೂ ಒಂದು. ಇಲ್ಲಿನ ಜಲಾಶಯದಲ್ಲಿ ನಾಲ್ಕು ವೀಕೆಂಡ್ ದೋಣಿ ಕಲಿತು, ಸೀದಾ ಹಿಂದೂ ಮಹಾಸಾಗರಕ್ಕೇ ಕೈಹಾಕಿದ ಧೀರ.) ಪುಣ್ಯಕ್ಕೆ ದೋಣಿ ನಡೆಸಲು ಲಿಸೆಟ್ ಎಂಬ ಅಲ್ಲಿಯ ಸ್ಕಿಪ್ಪರ್ ಇದ್ದಳು.

ಜಗಳಕ್ಕೆ ಕಾರಣ ಒಂದೇ ಒಂದು ಪ್ಯಾರಾ. ಹದಿನೇಳರ ಮಗಳು ಅನಘಾ, ಯೂನಿವರ್ಸಿಟಿ ಅರ್ಜಿಗೆ ಪರ್ಸನಲ್ ಸ್ಟೇಟ್‌ಮೆಂಟ್ ಬರೆದು ಅಪ್ಪನಿಗೆ ತೋರಿಸಿದ್ದಳು. ತಾನು ಫಿಸಿಯೊಥೆರಪಿಯನ್ನೇ ಏಕೆ ಓದಬೇಕು ಎಂಬ ಬರಹ. ಅಪ್ಪ ಅದನ್ನು ಜೂನಿಯರ್ ಡಾಕ್ಟರೊಬ್ಬರ ಡಿಸ್‌ಚಾರ್ಜ್ ಪತ್ರ ತಿದ್ದುವಂತೆ ತಿದ್ದಿದರು. ಪುಟದ ತುಂಬ ಕೆಂಪು. ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ ಪಕ್ಕದಲ್ಲಿ ‘ನಾಟ್ ರೆಲೆವೆಂಟ್’ ಎಂದು ಷರಾ ಬರೆದರು.

ಏನಿತ್ತು ಅದರಲ್ಲಿ? ಏಳು ವರ್ಷದವಳಿದ್ದಾಗ ಅನಘಾ ಮಣಿಕಟ್ಟು ಮುರಿದುಕೊಂಡಿದ್ದಳು. ಊರವರ ಮೂಳೆಯನ್ನೆಲ್ಲ ಕೂಡಿಸುವ ಅಪ್ಪ, ಮಗಳ ಕೈ ನೋಡಲಾರದೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತಿದ್ದರು. ಅರ್ಧ ತೆರೆದ ಬಾಗಿಲಿನಿಂದ ಅವಳು ಅದನ್ನು ನೋಡಿದ್ದಳು. ಆಮೇಲೆ ಅವಳ ಬೆರಳುಗಳನ್ನು ಬಗ್ಗಿಸಿ ಬಿಡಿಸಿ ಕಲಿಸಿದ ಫಿಸಿಯೊ, ಪ್ರತಿಸಲ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಧೈರ್ಯ ಹೇಳುತ್ತಿದ್ದರು. ಆ ಕೆಲಸ ನನಗೂ ಬೇಕು ಎಂದು ಬರೆದಿದ್ದಳು.

“ಹಿ ಡಿಲೀಟೆಡ್ ದಿ ಓನ್ಲಿ ಟ್ರೂ ಥಿಂಗ್ ಇನ್ ಇಟ್, ಅಮ್ಮಾ” ಎಂದವಳು ಅಪ್ಪನ ಜೊತೆ ಮಾತು ಬಿಟ್ಟಳು. ದಿನ ಕಳೆಯಿತು, ವಾರಗಳು ಕಳೆದವು. ಮುಂದಿನ ವರ್ಷ ಅವಳು ಮನೆ ಬಿಟ್ಟು ಓದಲು ಹೋಗುತ್ತಾಳೆ. ಹೀಗೇ ಹೋಗಿಬಿಟ್ಟರೆ? ನನಗೆ ಅದೊಂದೇ ಭಯ.

ದೋಣಿ ಹತ್ತಿದ ಎರಡನೆಯ ದಿನ ಲಿಸೆಟ್ ಡ್ಯೂಟಿ ಹಂಚಿದಳು. ಅನಘಾ ಚುಕ್ಕಾಣಿಗೆ. ಗಿರೀಶ್ ಹಾಯಿಯ ಹಗ್ಗಕ್ಕೆ. ನಾನು ಉಪ್ಪಿಟ್ಟಿಗೆ. (ಸಾಗರ ದಾಟಿದರೂ ಹೆಂಗಸರ ಡ್ಯೂಟಿ ಬದಲಾಗುವುದಿಲ್ಲ.)

ನಿಯಮ ಸರಳ. ದೋಣಿ ತಿರುಗಿಸುವ ಮೊದಲು ಚುಕ್ಕಾಣಿಯವರು ಕೂಗಿ ಹೇಳಬೇಕು. ಹಗ್ಗದವರು ಕೇಳಿಸಿಕೊಂಡದ್ದನ್ನು ಹಾಗೇ ತಿರುಗಿ ಹೇಳಬೇಕು. ಆಮೇಲೆ ಒಂದು ಕಡೆಯ ಹಗ್ಗ ಬಿಟ್ಟು, ಇನ್ನೊಂದು ಕಡೆಯದನ್ನು ಎಳೆಯಬೇಕು.

“ರೆಡಿ ಟು ಟರ್ನ್?” ಅನಘಾ ಕೂಗಿದಳು. ಅಷ್ಟು ದಿನಗಳಲ್ಲಿ ಅಪ್ಪನಿಗೆ ಆಡಿದ ಮೊದಲ ಮಾತು!

“ರೆಡಿ, ಬಟ್ ಒಂದ್ನಿಮಿಷ ತಡಿ ಪುಟ್ಟಾ, ಗಾಳಿ ಇನ್ನೂ ಸ್ವಲ್ಪ...”

‘ರೆಡಿ’ ಕೇಳಿದ ಮಗಳು ಚುಕ್ಕಾಣಿ ತಿರುಗಿಸಿಯಾಗಿತ್ತು. ಅಪ್ಪ ಹಗ್ಗ ಬಿಟ್ಟಿರಲಿಲ್ಲ. ಹಾಯಿಗೆ ತಪ್ಪು ಕಡೆಯಿಂದ ಗಾಳಿ ಬಡಿದು ದೋಣಿ ವಾಲಿತು. ನನ್ನ ಉಪ್ಪಿಟ್ಟು ಮೀನುಗಳ ಪಾಲಾಯಿತು.

“ನೋ ಬಟ್, ಡಾಕ್ಟರ್” ಎಂದಳು ಲಿಸೆಟ್, ದನಿ ಏರಿಸದೆ. “ಫಸ್ಟ್ ಸೇ ಬ್ಯಾಕ್ ವಾಟ್ ಶಿ ಸೆಡ್.”

ಇಪ್ಪತ್ತು ವರ್ಷ ಸಂಸಾರ ಮಾಡಿ ನನ್ನಿಂದಾಗದ್ದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು. ನಾನು ಮನಸ್ಸಿನಲ್ಲೇ ಆರತಿ ಎತ್ತಿದೆ.

ಆಮೇಲೆ ಎರಡು ದಿನ ಗಿರೀಶ್ ‘ಬಟ್’ ನುಂಗುವುದು ಗಂಟಲಲ್ಲೇ ಕಾಣಿಸುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಕೂಗು, ಮರುಕೂಗು, ತಿರುವು ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆದರೂ ಹಾಯಿಯ ಮಾತು ಹಾಯಿಗಷ್ಟೇ. ಊಟಕ್ಕೆ ಕೂತರೆ ಮತ್ತೆ ಇಬ್ಬರೂ ತಟ್ಟೆ ನೋಡುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ಒಂದು ಪುಟ್ಟ ದ್ವೀಪದ ಬಳಿ ಲಂಗರು ಹಾಕಿದೆವು. ಲಿಸೆಟ್ ಈಜಲು ಇಳಿದಳು. ಗಿರೀಶ್ ಹಗ್ಗ ಸುತ್ತಿಡುತ್ತಿದ್ದರು. ಅನಘಾ ಹೋಗಿ ಅವರೆದುರು ಕೂತಳು.

“ಅಪ್ಪಾ, ಯು ಕ್ರೈಡ್ ಫಾರ್ ಮಿ. ದಟ್ಸ್ ವೈ ಐ ವಾಂಟ್ ಟು ಡೂ ದಿಸ್.”

ಗಿರೀಶ್ ಬಾಯಿ ತೆರೆದರು. ಬಂತು ‘ಬಟ್’ ಎಂದುಕೊಂಡೆ. ತೆರೆದ ಬಾಯಿ ಮುಚ್ಚಿತು. ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಹೇಳಿದರು: “ನಾನು ನಿನಗೋಸ್ಕರ ಅತ್ತಿದ್ದೆ. ಅದಕ್ಕೇ ನೀನು ಇದನ್ನ ಓದ್ಬೇಕು ಅಂತಿದ್ದೀಯ.”

“ಯೆಸ್.”

“ಆಸ್ಪತ್ರೇಲಿ ಎಲ್ರೂ ನೋಡ್ಬಿಟ್ರು ಪುಟ್ಟಾ. ನಂಗೆ ತುಂಬಾ ನಾಚ್ಕೆ ಆಗಿತ್ತು.”

“ನಂಗೆ ಆಗ್ಲಿಲ್ಲ” ಎಂದಳು ಮಗಳು. (ಹೌದು, ಕನ್ನಡದಲ್ಲಿ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ.)

ಗಿರೀಶ್ ಅತ್ತರು. ಎದ್ದು ಹೋಗಲು ಅಲ್ಲಿ ಜಾಗವೇ ಇರಲಿಲ್ಲವಲ್ಲ, ಮಗಳ ಮುಂದೆಯೇ ಅತ್ತರು. ಅವಳು ಅವರ ಕೈ ಹಿಡಿದುಕೊಂಡಳು. ಸುಳ್ಳೇಕೆ ಹೇಳಲಿ, ಗಂಡ ಅಳುವುದನ್ನು ನೋಡಿ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಕಳೆದ ವಾರ ಅರ್ಜಿ ಹೋಯಿತು. ಮೊದಲ ಪ್ಯಾರಾ ಅವಳು ಬರೆದಂತೆಯೇ ಇದೆ. ಅಪ್ಪ ಅದನ್ನು ಮುಟ್ಟಲಿಲ್ಲ. (ಒಂದು ಕಾಮಾ ತಪ್ಪಿದೆ. ಇರಲಿ ಬಿಡಿ.)

ಮಕ್ಕಳು ಬರೆದದ್ದನ್ನು ತಿದ್ದಲು ಕೂರುತ್ತೇವಲ್ಲ, ನಾವು ಅಳಿಸುವುದು ಅವರ ತಪ್ಪನ್ನೋ, ನಮ್ಮ ಕಣ್ಣೀರನ್ನೋ?